ಅರ್ಲೀನ್ ಯಾವ ಸಾಲಿಗೆ ಸೇರುತ್ತಾಳೆ?

ಎಲ್ಲಿಂದ ಶುರು ಮಾಡಲಿ? ಮೊದಲ ಕರಡು ಹೀಗಿತ್ತು: "ಐವತ್ತೈದರಿಂದ ಅರವತ್ತನಾಲ್ಕರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಎಷ್ಟು ಜನ ದುಡಿಯುತ್ತಾರೆಂದರೆ..." ಅಷ್ಟಕ್ಕೇ ನನಗೆ ಆಕಳಿಕೆ ಬಂತು. ನೀವು ಇನ್ನೂ ಎದ್ದುಹೋಗಿಲ್ಲವಲ್ಲ, ಸದ್ಯ.

೨. (ಒಂದನೆಯದನ್ನು ಹರಿದುಹಾಕಿದ್ದೇನೆ.)

ಅರ್ಲೀನ್ ಕ್ರೋಕರ್‌ಗೆ ಅರವತ್ತನಾಲ್ಕು ವರ್ಷ ಏಳು ತಿಂಗಳು. ಮ್ಯಾನಿಟೋಬಾ ಪ್ರಾಂತ್ಯದ ಒಂದು ಪುಟ್ಟ ಊರಿನಲ್ಲಿ, ಐಸ್ ಹಾಕಿ ಆಡುವ ರಿಂಕಿನ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಆಲೂಗಡ್ಡೆ ಕರಿದವಳು. ಆಗಸ್ಟಿನಲ್ಲಿ ಕ್ಯಾಂಟೀನು ಮುಚ್ಚಿ, ಅಲ್ಲಿ ಗುಂಡಿ ಒತ್ತಿದರೆ ಚಿಪ್ಸ್ ಉದುರಿಸುವ ಪೆಟ್ಟಿಗೆ ನಿಲ್ಲಿಸಿದರು. ಸೆಪ್ಟೆಂಬರಿನಲ್ಲಿ ವಿನ್ನಿಪೆಗ್‌ನಿಂದ ಒಡೆಟ್ ಎಂಬಾಕೆಯ ಫೋನು ಬಂತು. ಸರ್ಕಾರದ ಉದ್ಯೋಗ ಸಮೀಕ್ಷೆಗೆ ಅರ್ಲೀನಳ ಮನೆ ಆಯ್ಕೆಯಾಗಿತ್ತು. ತಿಂಗಳಿಗೊಂದರಂತೆ ಆರು ಕರೆ.

"ಹೋದ ವಾರ ಏನಾದ್ರೂ ಕೆಲಸ ಮಾಡಿದ್ರಾ, ಮಿಸೆಸ್ ಕ್ರೋಕರ್?"

"ಮಾಡ್ದೆ. ಚರ್ಚಿಗೆ ನಾನೂರು ಪೆರೋಗಿ ಕಡುಬು ಮಡಚಿದೆ. ನನ್ ಗಂಡ ಎಡ್ವಿನ್‌ಗೆ ಕ್ಷೌರ ಮಾಡ್ದೆ."

"ಸಂಬಳಕ್ಕಾ?"

"ಆ ತಲೆಗೆ ಯಾರ್ ಸಂಬಳ ಕೊಡ್ತಾರೆ?"

"ಹೋಗ್ಲಿ, ಕೆಲಸ ಹುಡುಕಿದ್ರಾ? ಇಲ್ವಾ? ಸರಿ, ದುಡಿಯೋರ ಲೆಕ್ಕದಿಂದ ಹೊರಗೆ ಅಂತ ಬರ್ಕೊಂಡೆ."

ಹೊರಗೆ. ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

"ರಿಟೈರಾದೆ ಅನ್ಕೊಂಡು ಆರಾಮಾಗಿರು. ಬಾ, ಜಿಗ್ಸಾ ಚಿತ್ರ ಜೋಡ್ಸೋಣ," ಎಂದ ಎಡ್ವಿನ್.

"ಎರಡು ಸಾವಿರ ತುಂಡು, ಎಲ್ಲಾ ಬರೀ ಆಕಾಶ. ನೀನೇ ಜೋಡ್ಸು ಮಾರಾಯ."

೩. ಹುಡುಕಿದರೆ 'ನಿರುದ್ಯೋಗಿ' ಸಾಲಿಗಾದರೂ ಸೇರಬಹುದಲ್ಲ? ಅರ್ಲೀನ್ ಹುಡುಕತೊಡಗಿದಳು. ಅಕ್ಟೋಬರಿನಲ್ಲಿ ಶವದ ಗಾಡಿಯ ಚಾಲಕಿಯ ಕೆಲಸ ಕೇಳಿದಳು. ನವೆಂಬರಿನಲ್ಲಿ ಈಜುಕೊಳದ ಕಾವಲು. ("ಈಜು ಬರುತ್ತಾ?" "ಇಲ್ಲ. ಮುಳುಗೋರನ್ನ ಬೈದು ಮೇಲೆ ಬರಿಸ್ತೀನಿ.") ಡಿಸೆಂಬರಿನಲ್ಲಿ ಅಂಗಡಿಯ ಸಾಂಟಾ. ಗಡ್ಡ ಅವರೇ ಕೊಡುತ್ತಿದ್ದರಂತೆ.

"ನಿರುದ್ಯೋಗಿ ಅಂತ ಬರ್ಕೊಂಡೆ."

"ಥ್ಯಾಂಕ್ಸ್, ಒಡೆಟ್."

ಅಷ್ಟು ವರ್ಷದ ನೌಕರಿಯಲ್ಲಿ ಆ ಮಾತಿಗೆ ಯಾರೂ ಒಡೆಟ್‌ಗೆ ಥ್ಯಾಂಕ್ಸ್ ಹೇಳಿರಲಿಲ್ಲ. ಜನವರಿಯಲ್ಲಿ ಅವಳು ಫಾರಂ ಬದಿಗಿಟ್ಟು ಕೇಳಿದಳು: "ನನಗೂ ಅರವತ್ಮೂರಾಯ್ತು. ಈ ಕೆಲಸ ಯಾವಾಗ ಬಿಟ್ಟೇನೋ ಅಂತ ದಿನ ಎಣಿಸ್ತಿದೀನಿ. ನೀವ್ಯಾಕೆ ಇಷ್ಟು ಒದ್ದಾಡ್ತೀರಾ?"

ಅರ್ಲೀನ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಕ್ಯಾಂಟೀನಲ್ಲಿ ದಿನಕ್ಕೆ ನೂರು ಸಲ ಅರ್ಲೀನ್, ಅರ್ಲೀನ್ ಅಂತ ಕರೀತಿದ್ರು. ಈಗ ಕರಿಯೋನು ಎಡ್ವಿನ್ ಒಬ್ನೇ. ಅವ್ನೂ 'ಏಯ್' ಅಂತಾನೆ."

ಆ ಉತ್ತರ ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ.

೪. ಫೆಬ್ರವರಿಯ ಮೊದಲ ವಾರ ರಿಂಕಿನಲ್ಲಿ ಐಸ್ ನಯ ಮಾಡುವ ಯಂತ್ರ ಓಡಿಸುತ್ತಿದ್ದ ವೆಸ್‌ನ ಸೊಂಟ ಹಿಡಿಯಿತು. ಅರ್ಲೀನ್ ಮ್ಯಾನೇಜರನ ಮುಂದೆ ಹೋಗಿ ನಿಂತಳು.

"ಯಾವತ್ತಾದ್ರೂ ಓಡ್ಸಿದೀರಾ?"

"ಇಪ್ಪತ್ತೆರಡು ವರ್ಷ ಕಿಟಕೀಲಿ ನೋಡಿದೀನಿ. ವೆಸ್ ಏನೇನು ತಪ್ಪು ಮಾಡ್ತಾನೆ ಅನ್ನೋದೂ ಗೊತ್ತು."

ಹತ್ತನೇ ತಾರೀಕಿನಿಂದ ಬನ್ನಿ ಎಂದ.

(ಇಲ್ಲಿ ಪೇಚಿಗೆ ಸಿಕ್ಕವನು ನಾನು. ಎಂಟನೇ ತಾರೀಕಿಗೇ ಅವಳಿಗೆ ಅರವತ್ತೈದು ತುಂಬುತ್ತದೆ. ನಾನು ಬರೆಯಹೊರಟಿದ್ದ ಐವತ್ತೈದರಿಂದ ಅರವತ್ತನಾಲ್ಕರ ಸಾಲಿನಲ್ಲಿ ಅವಳ ನೌಕರಿ ದಾಖಲಾಗುವುದೇ ಇಲ್ಲ. ಹುಟ್ಟುಹಬ್ಬವನ್ನು ಮೆಲ್ಲಗೆ ಮಾರ್ಚಿಗೆ ತಳ್ಳಲು ನೋಡಿದೆ.

"ಅದನ್ನ ಮುಟ್ಬೇಡ," ಎಂದಳು ಅರ್ಲೀನ್. "ನಮ್ಮಮ್ಮ ಆ ಹಿಮದ ಬಿರುಗಾಳೀಲಿ ಹೆತ್ತಿದ್ದು ನಿನ್ ಅನುಕೂಲಕ್ಕಲ್ಲ."

ಇದ್ದಲ್ಲೇ ಬಿಟ್ಟೆ.)

೫. ಮೊದಲ ಶನಿವಾರ, ಮಧ್ಯಾಹ್ನದ ಪಂದ್ಯದ ಬಿಡುವು. ಗೋಲಿನ ಬಲೆಯನ್ನು ಪಕ್ಕಕ್ಕೆ ಸರಿಸಲು ಮರೆತ ಅರ್ಲೀನ್, ಅದನ್ನು ಯಂತ್ರದ ಮೂತಿಯಿಂದ ತಳ್ಳಿಕೊಂಡೇ ಅರ್ಧ ರಿಂಕು ಸುತ್ತಿದಳು. ಯಾರೋ "ಗೋಲ್" ಎಂದರು. ಊರಿಗೆ ಊರೇ ಎದ್ದು "ಅರ್ಲೀನ್, ಅರ್ಲೀನ್" ಎಂದು ಬೆಂಚು ಕುಟ್ಟಿತು. ಅವಳು ರಾಣಿಯಂತೆ ಕೈಬೀಸಿದಳು. ಅಷ್ಟರಲ್ಲಿ ಜೇಬಿನಲ್ಲಿ ಫೋನು.

"ಮಿಸೆಸ್ ಕ್ರೋಕರ್, ಒಡೆಟ್ ಮಾತಾಡ್ತಿರೋದು. ಇದು ಕೊನೇ ಕರೆ. ಹೋದ ವಾರ ನೀವೇನಾದ್ರೂ..."

"ಒಡೆಟ್, ಈಗ ಮಾತಾಡಕ್ಕಾಗಲ್ಲ. ಕೆಲಸದಲ್ಲಿದೀನಿ."

ಫೋನು ಕಟ್ಟಾಯಿತು.

೬. ಮುಕ್ತಾಯ ಅ: ಒಡೆಟ್ ರಿಂಕಿಗೆ ಬರುತ್ತಾಳೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ. (ಸಕ್ಕರೆ ಜಾಸ್ತಿಯಾಯಿತು.) ಮುಕ್ತಾಯ ಆ: ಎಡ್ವಿನ್ ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಾನೆ. (ಕೇಳಿನೋಡಿದೆ. ಜಿಗ್ಸಾದ ಆಕಾಶ ಇನ್ನೂ ಬಾಕಿ ಇದೆಯಂತೆ.)

ವಿನ್ನಿಪೆಗ್‌ನಲ್ಲಿ ಒಡೆಟ್‌ಳ ಪರದೆಯ ಮೇಲೆ ಎರಡು ಗುಂಡಿಗಳಿವೆ: 'ಉತ್ತರ ಸಿಗಲಿಲ್ಲ', 'ಮತ್ತೆ ಕರೆ ಮಾಡಿ'. ಅವಳು ಇನ್ನೂ ಯಾವುದನ್ನೂ ಒತ್ತಿಲ್ಲ. ಬಿದ್ದು ಬಿದ್ದು ನಗುತ್ತಿದ್ದಾಳೆ, ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದಾರೆ. ನಾನಂತೂ ಅವಳ ಕೈ ಹಿಡಿದು ಒತ್ತಿಸುವುದಿಲ್ಲ.