ಕಿತ್ತ ಕೆಂಪು ದೀಪ

ಸಾಯಗಾಂವದ ಹಿನ್ನೀರು ಆ ಬರಗಾಲದಲ್ಲಿ ಬಚ್ಚಲಗುಂಡಿಯಂತಾಗಿ, ಸತ್ತ ಮೀನಿನ ನಾತ ಹೊದ್ದು ಮಲಗಿತ್ತು. ಅದರ ಮೇಲೆ ಡೀಸೆಲ್ ದೋಣಿ ನಡೆಸುವ ಕಾಶೀರಾಮನಿಗೆ ನೀರು, ದೋಣಿ, ದೋಣಿಯ ಗುತ್ತೇದಾರ ವೈಜಿನಾಥ, ಎಲ್ಲದರ ಮೇಲೂ ಒಂದೇ ತೆರನ ಹೇಸಿಕೆ. ಹತ್ತುವವರೆಲ್ಲ ಆಚೆ ದಡದಲ್ಲಿ ಬಸ್ಸು ಹಿಡಿದು ಹೈದರಾಬಾದಿಗೆ ದುಡಿಯಲು ಹೋಗುವವರು. ಮರಳುವಾಗ ದೋಣಿ ಬರಿದು.

ಅಂದು ಕೇಶರಬಾಯಿ ಹೊರಟಿದ್ದಳು. ಒಂಬತ್ತರ ಬಸ್ಸಿಗೆ ಬಂದವರಿಗಷ್ಟೇ ಇಟ್ಟಿಗೆ ಭಟ್ಟಿಯಲ್ಲಿ ಕೆಲಸವೆಂದು ಕೂಲಿಯಾಳು ಕೂಡಿಸುವ ಮುಕಾದಮ ಹೇಳಿಕಳಿಸಿದ್ದ. ಅವಳ ಪಕ್ಕದಲ್ಲಿ ಫಕ್ರೋದ್ದೀನ. ನೌಬಾದದಲ್ಲಿ ಗಾಡಿಗಳ ವೈರಿಂಗ್ ಮಾಡುತ್ತಿದ್ದವನು, ಅಂಗಡಿ ಮುಚ್ಚಿ ಊರಿಗೆ ಬಂದು, ಈಗ ತಾನೂ ಗಂಟು ಕಟ್ಟಿದ್ದ.

ನಡುನೀರಿನಲ್ಲಿ ದೋಣಿಯ ಪಂಖಕ್ಕೆ ಹಳೆಯ ಬಲೆ ಸುತ್ತಿ ಎಂಜಿನ್ ನಿಂತಿತು. ಕಾಶೀರಾಮ ಬಲೆ ಕೊಯ್ದು ಚಾವಿ ತಿರುವಿದ. ಟಕ್ ಎಂದಿತು, ಅಷ್ಟೇ.

“ಬ್ಯಾಟರಿ ಸತ್ತದ ಕಾಕಾ,” ಫಕ್ರೋದ್ದೀನ ಬಗ್ಗಿ ನೋಡಿದ. “ಚಾವಿ ಬಾಜೂಕ ಕೆಂಪು ದೀಪ ಇರಬೇಕಲ್ರಿ? ಬರೇ ತೂತು ಅದ!”

“ನಾನೇ ತೆಗದೀನಿ. ಎಂಜಿನ್ ನಡದಾಗೂ ಉರೀತಿತ್ತು. ಮಂದಿ ಅಂಜಿ ಹತ್ತವಲ್ರಾಗಿದ್ರು. ಕಿತ್ತು ಒಗಿ ಅಂದ್ರು ವೈಜಿನಾಥ ಸಾಹುಕಾರ್ರು. ಕಿತ್ತ ಮ್ಯಾಲೂ ತಿಂಗಳೊಪ್ಪತ್ತು ನಡೀತಲ್ಲ!”

“ಡೀಸೆಲ್ ಎಂಜಿನ್ ಒಮ್ಮಿ ಎದ್ರ ಬ್ಯಾಟರಿ ಕೇಳಂಗಿಲ್ರಿ. ಎಬ್ಬಸಾಕ ಬೇಕು. ಎದ್ದ ಮ್ಯಾಲ ದೀಪ ಆರಬೇಕು. ಆರಲಿಲ್ಲಂದ್ರ ಆಲ್ಟರ್ನೇಟರ್ ಬ್ಯಾಟರಿಗೆ ಕರೆಂಟ್ ಕೊಡವಲ್ದು ಅಂತ.” ಅವನು ಬೆಲ್ಟನ್ನು ಒತ್ತಿದ, ಅದು ಜೋತುಬಿತ್ತು. “ನೋಡ್ರಿ, ಸಡ್ಲ. ಪಾನಾ ಹಾಕಿ ಬಿಗಿ ಮಾಡಿದ್ರ ಮುಗೀತಿತ್ತು. ಆ ಬಲ್ಬಿನಾಗ ಹಾಯ್ದು ಹೋದ ಕರೆಂಟೇ ಆಲ್ಟರ್ನೇಟರ್ ಎಬ್ಬಸ್ತದ. ಅರೆಹೊಟ್ಟಿ ಇದ್ದ ಬ್ಯಾಟರಿನ ನೀವು ಪೂರಾ ಉಪಾಸ ಕೆಡವಿದ್ರಿ.”

“ದೀಪದ ಕಥಿ ಆಮ್ಯಾಲ ಹಚ್ಚಪಾ ಮಿಸ್ತ್ರಿ,” ಕೇಶರಬಾಯಿ ಎದ್ದಳು. “ಬಸ್ ಹೋದ್ರ ಭಟ್ಟಿತನಕ ನೀ ಹೊತ್ಕೊಂಡು ಹೋಗ್ತಿಯೇನು?”

ಗಳ ಇಳಿಬಿಟ್ಟು ನೋಡಿದರೆ ಸೊಂಟದಷ್ಟೇ ನೀರು, ಅದರಡಿ ಮೊಣಕಾಲುದ್ದ ರಾಡಿ. ಒತ್ತಿದರೆ ಗಳ ರಾಡಿಯಲ್ಲಿ ಹೂತಿತೇ ಹೊರತು ದೋಣಿ ಕದಲಲಿಲ್ಲ. ಸೀರೆ ಎತ್ತಿಕಟ್ಟಿ, ರೊಟ್ಟಿಯ ಗಂಟು ತಲೆಗೇರಿಸಿ ಅವಳು ಮೊದಲು ಇಳಿದಳು. ಉಳಿದವರೂ ಇಳಿದರು, ಕಾಶೀರಾಮನೊಬ್ಬ ದೋಣಿಯಲ್ಲೇ ಉಳಿದ. ರಾಡಿ ಒಂದೊಂದು ಹೆಜ್ಜೆಯನ್ನೂ ಹಿಡಿದು, ಚೀಪಿ, ಒಲ್ಲದ ಮನಸ್ಸಿನಿಂದ ಬಿಡುತ್ತಿತ್ತು.

ದಡ ಇನ್ನೂ ಇಪ್ಪತ್ತು ಮಾರು ಇರುವಾಗ ಠಾಣಾ ಕುಶನೂರಿನ ದಾರಿಯಲ್ಲಿ ಧೂಳೆದ್ದಿತು. ಬಸ್ಸು ಹೋಯಿತು.

ಕೇಶರಬಾಯಿ ಬೈಯಲಿಲ್ಲ. ಅಲ್ಲೇ ನಿಂತು ದೋಣಿಯತ್ತ ತಿರುಗಿ ಕೂಗಿದಳು. “ಕಾಕಾ, ದೀಪ ಉರೀತಿದ್ರ ಅಂಜತಿದ್ವಿ, ಖರೇ. ಅಂಜಿ ನಿನ್ನಿನೇ ಹೊಂಟು, ಹಿನ್ನೀರ ಸುತ್ತು ಹಾಕಿ ನಡಕೋತ ಹೋಗಿರ್ತಿದ್ವಿ.”

ಕಾಶೀರಾಮ ತಂಬಾಕಿನ ಚೀಲ ತಡಕಿದ. ಒಗೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದ ಆ ಪುಟ್ಟ ಬಲ್ಬು ಬೆರಳಿಗೆ ತಾಗಿತು. ತಿಂಗಳಿಡೀ ವೈಜಿನಾಥನ ಹೆಸರೆತ್ತಿದಾಗಲೆಲ್ಲ ನೀರಿಗೆ ಉಗುಳುತ್ತಿದ್ದವನು ಅವನು. ಈಗಲೂ ಬಾಯಿ ತುಂಬ ಕಹಿ ಬಂತು. ಉಗುಳಲು ಆ ಹೆಸರೊಂದೇ ಸಾಲಲಿಲ್ಲ, ದೀಪ ಕಿತ್ತ ಕೈ ತನ್ನದಾಗಿತ್ತು. ನುಂಗಿಕೊಂಡ.