ಮೆಟ್ಟಿಲಿದ್ದ ಜಾಗ

ಪೆಟ್ಟಿಗೆ ಹೊತ್ತು ಬಂದ ಆರು ಮಂದಿ ಕಂಬಿಯ ಮುಂದೆ ಬಂದು ನಿಂತುಬಿಟ್ಟರು. ಕಂಬಿಯ ಆಚೆ, ಮೊಳದಷ್ಟು ಕೆಳಗೆ, ಅಪ್ಪಲಸಾಮಿಯ ದೋಣಿ ಗೋಡೆಗೆ ತಗಲುತ್ತ ದೂರವಾಗುತ್ತ ಕಾಯುತ್ತಿತ್ತು.

ಇದನ್ನು ಹೇಳಲು ನಾನು ತಕ್ಕವನಲ್ಲ. ಸತ್ತವಳ ನಂಟನಲ್ಲ, ಮಾರುಕಟ್ಟೆಯಲ್ಲಿ ಅವಳ ಪಕ್ಕ ಬೆಂಡೆಕಾಯಿ ಮಾರುತ್ತಿದ್ದವನು, ಅವತ್ತು ಮೆರವಣಿಗೆಯ ಕೊನೆಯಲ್ಲಿ ಚಾಪೆಯೊಂದನ್ನು ಹೊತ್ತು ಬಂದವನು. ಹೇಳಬೇಕಾದವರು ಸುಮ್ಮನಿದ್ದಾರೆ. ಎಲ್ಲಾದರೂ ತಪ್ಪಿದ್ದರೆ ಮನ್ನಿಸಬೇಕು.

ಪೆಟ್ಟಿಗೆಯಲ್ಲಿದ್ದವಳು ಕೆಲೇರಾ. ಐವತ್ತು ವರ್ಷ ವಾಯ್ಲೇಕ ನದಿಯಲ್ಲಿ ಎದೆಮಟ್ಟ ನಿಂತು, ಕೆಸರಿನೊಳಗೆ ಕಾಲ್ಬೆರಳಾಡಿಸಿ ಮರುವಾಯಿ ಚಿಪ್ಪುಗಳನ್ನು ಹುಡುಕಿದವಳು. ಚೀಲ ತುಂಬಿದ ಮೇಲೆ ದೋಣಿಯಲ್ಲಿ ಈ ದಡಕ್ಕೆ ಬಂದು, ಹತ್ತು ಕಲ್ಲುಮೆಟ್ಟಿಲು ಹತ್ತಿದರೆ ಮಾರುಕಟ್ಟೆ. ಆ ಮೆಟ್ಟಿಲಿದ್ದಲ್ಲಿ ಈಗ ಪುರಸಭೆಯ ನಡಿಗೆಯ ಹಾದಿ ಇತ್ತು: ಬೂದು ಹಾಸುಗಲ್ಲು, ಸಾಲುದೀಪ, ಬೆಂಚುಗಳು, ಉದ್ದಕ್ಕೂ ಸೊಂಟದೆತ್ತರದ ಉಕ್ಕಿನ ಕಂಬಿ. ಸೋಮವಾರ ಮಂತ್ರಿಗಳು ಬಂದು ಉದ್ಘಾಟಿಸುವವರಿದ್ದರು. ಅವತ್ತು ಶನಿವಾರ.

ಪೇಟೆಯ ಆಸ್ಪತ್ರೆಯಲ್ಲಿ ಕಣ್ಣುಮುಚ್ಚುವ ಮುಂಚೆ ಕೆಲೇರಾ ತನ್ನ ಜೊತೆ ನದಿಗಿಳಿಯುತ್ತಿದ್ದ ವಾಸಿತಿಗೆ ಒಂದೇ ಮಾತು ಹೇಳಿದ್ದಳಂತೆ. ಸೇತುವೆಯ ಮೇಲೆ ಒಯ್ಯಬೇಡಿ, ಬಂದ ದಾರಿಯಲ್ಲೇ ಕಳಿಸಿ. ಆಚೆ ದಡದಲ್ಲಿ ಅವಳ ತಾಯಿಯ ಕಡೆಯವರು ಬೆಳಗಿನಿಂದ ಚಾಪೆ ಹಾಸಿ ಕೂತಿದ್ದರು. ಇಲ್ಲಿಂದ ಅವರ ಕೊಡೆಗಳು ಕಾಣುತ್ತಿದ್ದವು.

ಎಲ್ಲರೂ ನೋಡುತ್ತಿದ್ದುದು ಅಪಿಸಾಯಿಯನ್ನು, ಆದರೆ ನೇರವಾಗಿ ಅಲ್ಲ. ಅವನು ಕೆಲೇರಾಳ ತಂಗಿಯ ಮಗ, ತಾಯಿ ಹೋದ ಮೇಲೆ ಅವಳೇ ಸಾಕಿದವನು, ಈ ಹಾದಿಯ ಕೆಲಸದ ಮೇಸ್ತ್ರಿ. ಕಂಬಿಯ ಬೋಲ್ಟುಗಳಿಗೆ ಬೇರೆಯದೇ ಕೀಲಿ. ಅದು ಅವನು ಸೊಂಟಕ್ಕೆ ಸುತ್ತಿದ್ದ ಕಪ್ಪು ಸುಲುವಿನ ಜೇಬಿನಲ್ಲಿತ್ತು. ಜೇಬಿನ ಮೇಲಿಂದ ಅವನು ಕೈ ತೆಗೆಯುತ್ತಿರಲಿಲ್ಲ.

"ಸೇತುವೆ ಕಡೆಯಿಂದ ಹೋಗೋಣ. ಲಾರಿ ಹೇಳಿದೀನಿ," ಎಂದ.

ಕೆಳಗಿನಿಂದ ಅಪ್ಪಲಸಾಮಿ ಕೂಗಿದ. "ನೀರು ಇಳೀತಾ ಇದೆ ಕಣಪ್ಪಾ. ಇನ್ನರ್ಧ ಗಂಟೆ ಅಷ್ಟೇ. ಆಮೇಲೆ ನನ್ನ ದೋಣಿ ಹಂದಿ ಥರ ಕೆಸರಲ್ಲಿ ಕೂತ್ಕೊಳ್ಳುತ್ತೆ."

ಹೊತ್ತವರಲ್ಲಿ ಒಬ್ಬ, ಕಂಬಿಯ ಮೇಲಿಂದಲೇ ಎತ್ತಿ ದಾಟಿಸಿಬಿಡೋಣವೆಂದ.

"ಬೇಲಿ ಹಾರಿಸಿ ಕಳಿಸೋಕೆ ಅವಳೇನು ಕೋಳಿ ಕದ್ದಿದ್ಳಾ?" ಎಂದಳು ವಾಸಿತಿ.

ಯಾರೋ ನಕ್ಕರು, ಕೂಡಲೇ ನಿಲ್ಲಿಸಿದರು. ಹೊತ್ತವರು ಹೆಗಲು ಬದಲಿಸಿಕೊಂಡರು.

*

ಎರಡು ವರ್ಷದ ಹಿಂದೆ ಪುರಸಭೆಯ ಇಂಜಿನಿಯರು ನಕ್ಷೆಯ ಸುರುಳಿ ಹಿಡಿದು ಮಾರುಕಟ್ಟೆಗೆ ಬಂದಿದ್ದರು. ಬರಿಗೈಯಲ್ಲಿ ಬಂದು ಮಾತೆತ್ತುವ ಹಾಗಿಲ್ಲವೆಂದು ಅಪಿಸಾಯಿ ಅವರಿಗೆ ಮೊದಲೇ ಹೇಳಿ, ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟೊಂದನ್ನು ಕಾಣಿಕೆಯಾಗಿ ತಂದು ಹೆಂಗಸರ ಮುಂದೆ ಇಟ್ಟ. ಎಲ್ಲರಿಗಿಂತ ಹಿರಿಯಳಾದ ಕೆಲೇರಾ ಅದನ್ನು ಮುಟ್ಟಿ, ಅಂಗೈ ಬೊಗಸೆಯಾಗಿಸಿ ಮೂರು ಸಲ ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು.

ಆಮೇಲೆ ಇಂಜಿನಿಯರು ಅರ್ಧ ಗಂಟೆ ನಕ್ಷೆ ವಿವರಿಸಿದರು. ಹೆಂಗಸರು ತಲೆ ತಗ್ಗಿಸಿ ಕೇಳಿದರು. ಅತಿಥಿಯ ಎದುರಿಗೆ ಇಲ್ಲ ಎನ್ನುವುದು ಅವರಲ್ಲಿ ಇಲ್ಲ. ಏಳುವಾಗ ಇಂಜಿನಿಯರು, ಒಪ್ಪಿದರು ತಾನೆ ಎಂದು ಅಪಿಸಾಯಿಯನ್ನು ಕೇಳಿದರು.

ಆ ಚಪ್ಪಾಳೆ ಬಂದವರನ್ನು ಒಪ್ಪಿಕೊಂಡದ್ದು, ಬಂದ ಕೆಲಸವನ್ನಲ್ಲ. ಅಪಿಸಾಯಿಗೆ ಅದು ಗೊತ್ತಿತ್ತು. ಆದರೆ ಹೊರಗೆ ಜೀಪು ಕಾಯುತ್ತಿತ್ತು. ಅವನು ವರದಿಯಲ್ಲಿ ಬರೆದ: "ಮಾರುಕಟ್ಟೆಯ ಹೆಂಗಸರು ಚಪ್ಪಾಳೆ ತಟ್ಟಿ ಒಪ್ಪಿದರು." ಸುಳ್ಳೇನಲ್ಲ, ತಟ್ಟಿದ್ದು ನಿಜ. ಆ ತಿಂಗಳೇ ಅವನು ಮೇಸ್ತ್ರಿಯಾದ.

ಕಂಬಿ ಕೂರಿಸುವ ದಿನ ಕೆಲೇರಾ ಚೀಲ ಹೊತ್ತು ಬಂದು ಕೇಳಿದಳು. "ನನ್ನ ಮೆಟ್ಟಿಲು ಎಲ್ಲೋ ಅಪಿ?"

"ಎರಡನೇ ಹಂತದಲ್ಲಿ ಗೇಟು ಬರುತ್ತೆ ದೊಡ್ಡಮ್ಮ."

ನಕ್ಷೆಯಲ್ಲಿ ಎರಡನೇ ಹಂತವೇ ಇರಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ. ಏಳು ತಿಂಗಳು ಸೇತುವೆಯ ಹತ್ತಿರ ಇಳಿದು, ಒದ್ದೆ ಚೀಲ ಬೆನ್ನಿಗೆ ಹಾಕಿಕೊಂಡು ಒಂದು ಮೈಲಿ ನಡೆದು ಬಂದಳು. ಹೃದಯ ನಿಂತಿತು ಎಂದರು ಡಾಕ್ಟರು. ಎಪ್ಪತ್ತೊಂದಾಗಿತ್ತು, ಯಾವಾಗಲಾದರೂ ನಿಲ್ಲುವುದೇ. ಅಪಿಸಾಯಿ ಆ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡನಂತೆ.

*

ಗೋಡೆಯ ಮೇಲೆ ಗೇಣುದ್ದ ಒದ್ದೆ ಗುರುತು ಬಿಟ್ಟು ನೀರು ಇಳಿದಿತ್ತು. ವಾಸಿತಿ ಬಂದು ಅಪಿಸಾಯಿಯ ಮುಂದೆ ಹಾಸುಗಲ್ಲಿನ ಮೇಲೆ ಕಾಲು ಮಡಿಸಿ ಕೂತಳು. ಮಿಕ್ಕ ಹೆಂಗಸರೂ ಅವಳ ಹಿಂದೆ ಕೂತರು. ಆಚೆ ದಡದವರಿಗೆಂದು ತಂದಿದ್ದ ಬೇರಿನ ಕಟ್ಟನ್ನು ಅವಳು ಎರಡೂ ಕೈಯಿಂದ ಅವನ ಮುಂದಕ್ಕೆ ಸರಿಸಿದಳು. ಅದನ್ನಿಟ್ಟ ಮೇಲೆ ನಿಂತಿರುವ ಹಾಗಿಲ್ಲ. ಅವನೂ ಕೂತ.

"ಕೇಳೋದಿದ್ರೆ ಬಾಯಿಬಿಟ್ಟು ಕೇಳು ವಾಸಿತಿ."

"ಕೇಳೋದೇನಿಲ್ಲ ಮಗಾ. ನೀನು ಚಪ್ಪಾಳೆ ತಟ್ಟು. ಯಾವುದಕ್ಕೆ ಅಂತ ಆಮೇಲೆ ನಾವು ಬರ್ಕೋತೀವಿ."

ಅಪಿಸಾಯಿ ಕಟ್ಟನ್ನೇ ನೋಡುತ್ತ ಕೂತ. ಕೊನೆಗೆ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ.

"ಸೋಮವಾರ ನನ್ನ ಕೆಲಸ ಹೋಗುತ್ತೆ."

"ಹೋಗಬಹುದು," ಎಂದಳು. "ಮರುವಾಯಿ ಹುಡುಕೋದನ್ನ ನಿನ್ನ ಕಾಲು ಮರ್ತಿಲ್ಲ ತಾನೆ?"

ಅವನು ಮೂರು ಸಲ ತಟ್ಟಿದ. ಬೊಗಸೆಯ ಚಪ್ಪಾಳೆ, ತೆಂಗಿನಕಾಯಿ ನೆಲಕ್ಕೆ ಬಿದ್ದ ಹಾಗೆ ಸದ್ದು. ಎದ್ದು ಕೀಲಿ ತೆಗೆದ.

ನಾಲ್ಕು ಬೋಲ್ಟು. ಮೂರನೆಯದು ಬಿಡಲಿಲ್ಲ. ಅದರ ಮೇಲೆ ಬಣ್ಣ ಹಚ್ಚಿಸಿದವನೂ ಅವನೇ. ಅಂಗೈ ಕೆಂಪಾಗುವವರೆಗೆ ತಿರುಚಿದ. ಅಪ್ಪಲಸಾಮಿ ಕೆಳಗಿನಿಂದ ನೀರಿನ ಲೆಕ್ಕ ಕೂಗುತ್ತಲೇ ಇದ್ದ. ಕಡೆಗೆ ಕಂಬಿಯ ತುಂಡೊಂದು ಬಾಗಿಲಿನ ಹಾಗೆ ಕಳಚಿ ಬಂತು. ಅದನ್ನೇ ಹಾದಿಯ ಅಂಚಿನಿಂದ ದೋಣಿಗೆ ಅಡ್ಡ ಇಟ್ಟರು. ನಾನು ಹೊತ್ತಿದ್ದ ಚಾಪೆಯನ್ನು ಯಾರೋ ಕಸಿದುಕೊಂಡು ಅದರ ಮೇಲೆ ಹಾಸಿದರು.

ಮೊದಲ ಹೆಜ್ಜೆಗೇ ಅದು ಜಾರಿತು. ಅಪಿಸಾಯಿ ಹಾಕಿದ ಬಟ್ಟೆಯಲ್ಲೇ ನೀರಿಗಿಳಿದು ಅದರ ತುದಿಗೆ ಹೆಗಲು ಕೊಟ್ಟ. ಕಾಲು ಕೆಸರಲ್ಲಿ ಹೂತು ಒಂದು ಕ್ಷಣ ಗಲ್ಲದವರೆಗೆ ಮುಳುಗಿದ. ಆಮೇಲೆ ಕಾಲಿಗೆ ಕಲ್ಲು ಸಿಕ್ಕಿ ಇದ್ದಕ್ಕಿದ್ದಂತೆ ಎದೆಯವರೆಗೆ ಮೇಲೆದ್ದು ಅಲುಗದೆ ನಿಂತ. ಹತ್ತು ಮೆಟ್ಟಿಲನ್ನೂ ಒಡೆದು ತೆಗೆದಾಗಿದೆಯೆಂದು ಕಾಗದಕ್ಕೆ ರುಜು ಹಾಕಿದ್ದವನು ಅವನೇ.

"ಇಲ್ಲೇ ಇದೆ," ಎಂದ. ಯಾರಿಗೆ ಹೇಳಿದನೋ.

ಕೆಲೇರಾ ಅವನ ತಲೆಯ ಮೇಲಿಂದ ದೋಣಿಗೆ ಇಳಿದಳು.

*

ಸೋಮವಾರ ಮಂತ್ರಿಗಳು ಬಂದರು. ಬ್ಯಾಂಡು ಇತ್ತು. ತೆರವಾದ ಜಾಗಕ್ಕೆ ಮೂರು ಹೂಕುಂಡ ಇಟ್ಟಿದ್ದರು. ಕುಂಡಗಳ ನಡುವೆ, ಹೊಸ ಹಾಸುಗಲ್ಲಿನ ಮೇಲೆ, ವಾಸಿತಿಯ ಮರುವಾಯಿ ಚೀಲ ನೀರು ತೊಟ್ಟಿಕ್ಕುತ್ತ ನಿಂತಿತ್ತು. ಅಪಿಸಾಯಿಯನ್ನು ಕಚೇರಿಗೆ ಕರೆಸಿದರೆಂದು ಕೇಳಿದೆ. ಅಲ್ಲಿ ಏನಾಯಿತೆಂದು ಅವನನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸಾಯುವ ಮುಂಚಿನ ಒಂದು ಸಂಜೆ, ಕೆಲೇರಾ ಆ ಹಾದಿಯ ಬೆಂಚಿನಲ್ಲಿ ಕೂತು, ಊದಿದ ಕಾಲುಗಳನ್ನು ಕಂಬಿಗೆ ಒರಗಿಸಿಕೊಂಡು, ಐಸ್‌ಕ್ರೀಮ್ ತಿನ್ನುತ್ತ ನದಿ ನೋಡುತ್ತಿದ್ದಳು. ಸುಖವಾಗಿದ್ದ ಹಾಗೇ ಕಂಡಳು. ಅವತ್ತು ಮಾರುಕಟ್ಟೆಯಲ್ಲಿ ಅವಳು ತಟ್ಟಿದ ಚಪ್ಪಾಳೆಯಲ್ಲಿ ಈ ಹಾದಿಗೂ ಒಂದು ಪಾಲು ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.