ಬೆವರುವ ಹರವಿ

ಮಧ್ಯಾಹ್ನ ಎರಡೂ ಕಾಲು. ಗಾಜಿನ ತೊಟ್ಟಿಯ ನೀರು ಇಪ್ಪತ್ತೊಂಬತ್ತು ಡಿಗ್ರಿ. ಆಕ್ಸೊಲಾಟಲ್ ಮೂರು ದಿನದಿಂದ ಏನೂ ತಿಂದಿರಲಿಲ್ಲ.

ಅದು ಮೆಕ್ಸಿಕೊದ ಜಲಪ್ರಾಣಿ. ಹಲ್ಲಿಯಂಥ ಗೇಣುದ್ದದ ಮೈ, ಕತ್ತಿನ ಎರಡೂ ಬದಿಗೆ ಗರಿಯಂಥ ಕಿವಿರು. ಮುಂಬಯಿಯ ಸಂಶೋಧಕರೊಬ್ಬರು ವಿದೇಶಕ್ಕೆ ಹೊರಡುವಾಗ, 1965ರ ಡಿಸೆಂಬರಿನಲ್ಲಿ, ಅದನ್ನು ದಾವಣಗೆರೆಯ ಕಾಲೇಜೊಂದರ ಪ್ರಾಣಿಶಾಸ್ತ್ರ ಉಪನ್ಯಾಸಕ ವಾಮದೇವಪ್ಪನವರಿಗೆ ಒಪ್ಪಿಸಿದ್ದರು. ನೀರು ಇಪ್ಪತ್ತನಾಲ್ಕು ಡಿಗ್ರಿ ದಾಟಿದರೆ ಬಹಳ ದಿನ ಬದುಕದು, ಸತ್ತರೆ ಇನ್ನೊಂದು ಸಿಗದು ಎಂದು ಹೇಳಿಯೇ ಕೊಟ್ಟಿದ್ದರು. ಈಗ ಏಪ್ರಿಲ್.

ವಾಮದೇವಪ್ಪ ದಿನವೂ ಹರಿಹರದ ಮನೆಯಿಂದ ರೈಲಿನಲ್ಲಿ ಬರುವಾಗ ಅದಕ್ಕೆಂದೇ ಒಂದು ಕ್ಯಾನು ಹೊಳೆಯ ನೀರು ತರುತ್ತಿದ್ದರು. ಐಸ್ ಹಾಕಿ ನೋಡಿದ್ದರು. ಅರ್ಧ ಗಂಟೆಯಲ್ಲಿ ಇಪ್ಪತ್ತಕ್ಕೆ ಇಳಿದ ನೀರು ಮೂರು ಗಂಟೆಯಲ್ಲಿ ಮತ್ತೆ ಮೊದಲಿನಂತಾಯಿತು. ಆ ಏರಿಳಿತಕ್ಕೆ ಪ್ರಾಣಿ ಇನ್ನಷ್ಟು ಸೊರಗಿತು. ಕೊನೆಗೆ ಅಗಲ ಬಾಯಿಯ ಮಣ್ಣಿನ ಹರವಿ ತಂದರು. ಪ್ರಯೋಗಾಲಯದ ಮೇಜು ಒದ್ದೆಯಾದೀತೆಂದು ಅದರ ಹೊರಮೈಗೆ ಎರಡು ಸಲ ಎಣ್ಣೆಬಣ್ಣ ಬಳಿದರು.

ನೆಲ ಒರೆಸಲು ಬಂದ ಮರಿಯವ್ವ ಅದನ್ನು ನೋಡಿ ನಿಂತಳು.

"ಇದೇನ್ರೀ ಸಾರ್, ಹರವಿಗೆ ಮದುವಿ ಮಾಡ್ತೀರೇನು?"

"ಸೋರಬಾರದಲ್ಲ, ಮರಿಯವ್ವ."

"ಅದು ಸೋರಾದಲ್ರೀ, ಬೆವರಾದು. ಬೆವರು ಮುಚ್ಚಿದ್ರೆ ತಣ್ಣಗ ಹೆಂಗಾಗ್ತೈತೆ?"

ಆವಿಯಾಗುವ ನೀರು ಶಾಖವನ್ನು ಒಯ್ಯುತ್ತದೆಂದು ವಾಮದೇವಪ್ಪನವರೂ ಓದಿದ್ದರು. ಮೇಜಿನ ಚಿಂತೆಯಲ್ಲಿ ಅದು ಮರೆತುಹೋಗಿತ್ತು.

"ಹಂಗಾದ್ರೆ ಇನ್ನೊಂದು ತರ್ತೀನಿ."

"ಹೊಸಾದು ಬ್ಯಾಡ್ರಿ. ಎಂಟು ದಿನ ನೆನಸಿ ವಾಸನಿ ಬಿಡಿಸಬೇಕು. ಅಲ್ಲೀತನಕ ನಿಮ್ಮ ಹಲ್ಲಿ ಇರ್ತೈತಾ?"

ಅವಳು ವಿನೋಬನಗರದ ತನ್ನ ಮನೆಗೆ ಹೋಗಿ ನಲವತ್ತು ನಿಮಿಷದಲ್ಲಿ ಬಂದಳು. ತಲೆಯ ಮೇಲೆ ನಾಲ್ಕು ಬೇಸಿಗೆ ಕಂಡ ಹರವಿ, ಹೊರಮೈ ಇನ್ನೂ ಒದ್ದೆ.

"ಇದು ಕುಡಿಯೋ ನೀರಿಂದಲ್ಲೇನು?"

"ಹೌದ್ರಿ. ಹಲ್ಲಿ ಬಿಟ್ಟ ಮ್ಯಾಲೆ ನಮ್ಮನ್ಯಾಗೆ ಯಾರೂ ಇದ್ರ ನೀರು ಮುಟ್ಟಾದಿಲ್ಲ. ನೀವೇ ಇಟ್ಕಳ್ರಿ."

"ಬ್ಯಾಸಿಗ್ಯಾಗೆ ನೀವೇನು ಮಾಡ್ತೀರಿ?"

"ಬಿಸಿ ನೀರು ಅಂತ ಬೈಕಂತ ಕುಡಿತೀವಿ. ಪಾಪ, ಈ ಹಲ್ಲಿಗೆ ಬೈಯಾಕೂ ಬರಾದಿಲ್ಲಲ್ರೀ."

ಕಿಟಕಿಯ ಗಾಳಿ ತಾಗುವ ಕಡೆ ಒದ್ದೆ ಮರಳು ಹರಡಿ ಹರವಿ ಇಟ್ಟಳು. ಸುತ್ತ ಗೋಣಿತಟ್ಟು ಸುತ್ತಿದಳು. ಒಮ್ಮೆಲೇ ತಣ್ಣೀರಿಗೆ ಬಿದ್ದು ಪ್ರಾಣಿ ಬೆದರಬಾರದೆಂದು ವಾಮದೇವಪ್ಪ ತೊಟ್ಟಿಯ ನೀರನ್ನೇ ಹರವಿಗೆ ತುಂಬಿ ಆಕ್ಸೊಲಾಟಲನ್ನು ಬಿಟ್ಟರು. ಗೋಣಿ ಒಣಗಿದಾಗೆಲ್ಲ ಮರಿಯವ್ವ ನೀರು ಚಿಮುಕಿಸಿದಳು. ಅವಳ ಬಳಿ ಥರ್ಮಾಮೀಟರ್ ಇರಲಿಲ್ಲ. ಹರವಿಯ ಹೊಟ್ಟೆಗೆ ಅಂಗೈ ಒತ್ತಿ ನೋಡುತ್ತಿದ್ದಳು, ಅಷ್ಟೆ. ಒಮ್ಮೆಯೂ ಅವಳ ಅಂದಾಜು ತಪ್ಪಲಿಲ್ಲವೆಂದು ವಾಮದೇವಪ್ಪ ಟಿಪ್ಪಣಿ ಪುಸ್ತಕದಲ್ಲಿ ಬರೆದಿದ್ದಾರೆ.

ಸಂಜೆ ಆರಕ್ಕೆ ಇಪ್ಪತ್ತೈದು ಡಿಗ್ರಿ. ಮರುದಿನ ಬೆಳಿಗ್ಗೆ ಏಳಕ್ಕೆ ಇಪ್ಪತ್ತೆರಡು. ಎಂಟು ಗಂಟೆಗೆ ಆಕ್ಸೊಲಾಟಲ್ ಎರಡು ಎರೆಹುಳು ತಿಂದಿತು.